ಒಂಟಿಯಾಗಿರುವ ಹಿರಿಯರ ಮನೆಗೆ ಸೆನ್ಸರ್: ಕ್ಯಾಮೆರಾ ಇಲ್ಲದೆ, ಸುಳ್ಳು ಅಲರ್ಟ್ ಇಲ್ಲದೆ ಹೇಗೆ?

ಪ್ರಶ್ನೆ: ಮನೆಯೊಳಗೆ

ಎಂಬತ್ತು ದಾಟಿದ, ಒಬ್ಬರೇ ಇರುವ ಹಿರಿಯರ ಮನೆಗೆ ಹಾಕಿರುವ ವ್ಯವಸ್ಥೆ ಇದು. ಮಲಗುವ ಕೋಣೆ, ಹಾಲ್, ಅಡುಗೆಮನೆ, ಬಚ್ಚಲುಮನೆ, ನಾಲ್ಕು ಕಡೆ ಬ್ಯಾಟರಿಯ ಜಿಗ್‌ಬೀ (ಕಡಿಮೆ ವಿದ್ಯುತ್ತಿನ ನಿಸ್ತಂತು ಜಾಲ) ಪಿಐಆರ್ ಸೆನ್ಸರ್, ಮೈಬಿಸಿಯ ಓಡಾಟದಿಂದ ಚಲನೆ ಹಿಡಿಯುವಂಥದ್ದು. ಮುಂಬಾಗಿಲಿಗೊಂದು, ತೆರೆದದ್ದು ಮುಚ್ಚಿದ್ದು ತಿಳಿಸುವ ಕಾಂಟ್ಯಾಕ್ಟ್ ಸೆನ್ಸರ್. ಎಲ್ಲವೂ ಒಂದು ಪುಟ್ಟ ಕಂಪ್ಯೂಟರ್‌ನಲ್ಲಿರುವ (ಅದೇ ಹಬ್) ಹೋಮ್ ಅಸಿಸ್ಟೆಂಟ್ ತಂತ್ರಾಂಶಕ್ಕೆ ಬಂದು ಸೇರುತ್ತವೆ. ನಿಯಮ ಒಂದೇ: ಎರಡು ಗಂಟೆ ಎಲ್ಲೂ ಚಲನೆ ಕಾಣದಿದ್ದರೆ ಮಕ್ಕಳ ಫೋನಿಗೆ ಅಲರ್ಟ್.

ಇದು ಸರಿಯಾಗಿ ನಡೆಯುತ್ತಿಲ್ಲ. ಮಧ್ಯಾಹ್ನ ಮಲಗಿದರೆ ಸಾಕು, ಅಲರ್ಟ್ ಬರುತ್ತದೆ. ಫೋನ್ ಇಟ್ಟುಕೊಂಡವರು ಈಗ ಅದನ್ನು ನೋಡುವುದನ್ನೇ ಬಿಟ್ಟಿದ್ದಾರೆ. ಇನ್ನೊಂದು ಕಡೆ, ರಾತ್ರಿಯಿಡೀ ಕರೆಂಟ್ ಹೋಗಿ ಹಬ್ ಸತ್ತಿದ್ದಾಗ ಒಂದು ಅಲರ್ಟೂ ಬರಲಿಲ್ಲ. ಎಲ್ಲರೂ ಎಲ್ಲ ಸರಿಯಿದೆ ಎಂದುಕೊಂಡರು.

ಕ್ಯಾಮೆರಾ ಬೇಡವೆಂದು ಹಿರಿಯರು ಖಡಾಖಂಡಿತವಾಗಿ ಹೇಳಿದ್ದಾರೆ, ಅದಕ್ಕೆ ಎದುರಾಡುವ ಪ್ರಶ್ನೆಯೇ ಇಲ್ಲ. ತುರ್ತಿಗೆ ಒತ್ತಲು ಕೊರಳಿಗೆ ಹಾಕುವ ಬಟನ್ ಕೊಟ್ಟರೆ ಅದು ಮೊಳೆಗೆ ನೇತಾಡುತ್ತದೆ. ಹಾಗಾಗಿ ಮೈಗೆ ಏನೂ ಅಂಟದ ದಾರಿ ಬೇಕು. ಸಮಯದ ಮಿತಿ ಎಷ್ಟಿರಬೇಕು? ಬಚ್ಚಲಲ್ಲಿ ಬಿದ್ದರೆ ಗೊತ್ತಾಗಲು ರೇಡಾರ್ ಹಾಕಬಹುದೇ? ಹಾಸಿಗೆಗೆ ಸೆನ್ಸರ್ ಹಾಕುವುದು ಹೇಗೆ? ಕರೆಂಟ್, ನೆಟ್ ಹೋದರೆ ಏನು ಮಾಡಬೇಕು?

ಉತ್ತರ 1: ಅಳತೆಗೋಲು

ಮೊದಲು ಆ ಎರಡು ಗಂಟೆಯ ನಿಯಮ ಅಳಿಸಿ. ಇಡೀ ಮನೆಗೆ ಒಂದೇ ಮಿತಿ ಇಟ್ಟರೆ ಅದು ಹಾಸಿಗೆಗೆ ತೀರಾ ಕಡಿಮೆ, ಬಚ್ಚಲಿಗೆ ತೀರಾ ಹೆಚ್ಚು. ಕೊನೆಯ ಚಲನೆ ಎಲ್ಲಿ ಕಂಡಿತು ಎನ್ನುವುದನ್ನು ಒಂದು ಸ್ಥಿತಿಯಾಗಿ ಇಟ್ಟುಕೊಳ್ಳಿ, ಪ್ರತಿ ಜಾಗಕ್ಕೆ ಬೇರೆ ಗಡಿಯಾರ ಓಡಲಿ. ಶುರುವಿಗೆ ಈ ಅಂಕಿಗಳು ಸಾಕು: ಬಚ್ಚಲು 40 ನಿಮಿಷ, ಅಡುಗೆಮನೆ 90 ನಿಮಿಷ, ಹಗಲಲ್ಲಿ ಹಾಲ್ ಅಥವಾ ಮಲಗುವ ಕೋಣೆ 3 ಗಂಟೆ. ರಾತ್ರಿ ಮಲಗಿದ ಮೇಲೆ ಗಡಿಯಾರವನ್ನೇ ನಿಲ್ಲಿಸಿ. ಅದರ ಬದಲು ‘ಬೆಳಿಗ್ಗೆ ಇಷ್ಟು ಹೊತ್ತಿಗೆ ಏಳಲೇಬೇಕು’ ಎಂಬ ಗಡುವು ಇಡಿ.

ಆ ಗಡುವನ್ನು ಊಹೆಯಿಂದ ಇಡಬೇಡಿ. ಮೂರು ವಾರ ಅಲರ್ಟ್ ಕಳಿಸದೆ ಸುಮ್ಮನೆ ದಾಖಲಿಸಿ. ದಿನವೂ ಅಡುಗೆಮನೆಯಲ್ಲಿ ಮೊದಲ ಚಲನೆ ಎಷ್ಟು ಹೊತ್ತಿಗೆ ಬಂತು ಎಂದು ಬರೆದು, ಹೊತ್ತಿನ ಕ್ರಮದಲ್ಲಿ ಜೋಡಿಸಿ. 21 ದಿನದಲ್ಲಿ ಅತಿ ತಡವಾದದ್ದನ್ನು ಬಿಟ್ಟು ಅದರ ಹಿಂದಿನದನ್ನು ತೆಗೆದುಕೊಂಡು 45 ನಿಮಿಷ ಸೇರಿಸಿ. ಸರಾಸರಿ ತೆಗೆದರೆ ಕೆಲಸಕ್ಕೆ ಬಾರದು: ಸರಾಸರಿಗಿಂತ ತಡವಾಗಿ ಏಳುವ ದಿನಗಳು ಅರ್ಧದಷ್ಟು ಇದ್ದೇ ಇರುತ್ತವೆ.

ಪಿಐಆರ್ ಏನು ನೋಡುತ್ತದೆ ಎನ್ನುವುದು ತಲೆಯಲ್ಲಿರಲಿ. ಅದಕ್ಕೆ ಮನುಷ್ಯ ಕಾಣುವುದಿಲ್ಲ. ಮುಂದಿರುವ ಫ್ರೆನೆಲ್ ಲೆನ್ಸ್ ಕೋಣೆಯನ್ನು ಪಟ್ಟಿಪಟ್ಟಿಯಾಗಿ ಹಂಚುತ್ತದೆ, ಬೆಚ್ಚಗಿನ ಮೈ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದಾಗ ಇನ್‌ಫ್ರಾರೆಡ್‌ನಲ್ಲಾಗುವ ಏರಿಳಿತ ಮಾತ್ರ ಅದಕ್ಕೆ ತಿಳಿಯುತ್ತದೆ. ಕುರ್ಚಿಯಲ್ಲಿ ಅಲುಗಾಡದೆ ಕೂತವರು ಅದರ ಪಾಲಿಗೆ ಇಲ್ಲ. ನೇರವಾಗಿ ಸೆನ್ಸರ್ ಕಡೆಗೇ ನಡೆದು ಬಂದರೂ ತಡವಾಗಿ ಹಿಡಿಯುತ್ತದೆ. ಅದಕ್ಕೇ 2ರಿಂದ 2.2 ಮೀಟರ್ ಎತ್ತರದಲ್ಲಿ, ನಡೆಯುವ ದಾರಿ ಅದರ ಮುಂದೆ ಅಡ್ಡ ಹಾಯುವಂತೆ ಮೂಲೆಗೆ ಹಾಕಿ. ಕಿಟಕಿ, ಒಲೆ, ಎಸಿ ಕಡೆ ಮುಖ ಬೇಡ. ಕೋಣೆಯ ಬಿಸಿ 34–35 ಡಿಗ್ರಿಗೆ ಹೋದಾಗ ಚರ್ಮಕ್ಕೂ ಗೋಡೆಗೂ ವ್ಯತ್ಯಾಸ ಉಳಿಯುವುದಿಲ್ಲ, ಪಿಐಆರ್ ಮಂಕಾಗುತ್ತದೆ. ಸೆಕೆಗಾಲದಲ್ಲಿ ‘ಚಲನೆ ಇಲ್ಲ’ ಅಲರ್ಟ್ ಹೆಚ್ಚಾದರೆ ಮೊದಲು ಇದನ್ನೇ ನೋಡಿ.

ಬಚ್ಚಲಿನ ಬಾಗಿಲಿಗೂ ಒಂದು ಕಾಂಟ್ಯಾಕ್ಟ್ ಸೆನ್ಸರ್ ಹಾಕಿ. ಬಾಗಿಲು ಮುಚ್ಚಿದ ಮೇಲೆ ಒಳಗೆ ಚಲನೆ ಕಂಡರೆ, ಬಾಗಿಲು ತೆರೆಯುವವರೆಗೆ ವ್ಯಕ್ತಿ ಒಳಗೇ ಇದ್ದಾರೆ. ಅಲುಗಾಡಲಿ ಬಿಡಲಿ, ಗಡಿಯಾರ ಓಡುತ್ತಲೇ ಇರುತ್ತದೆ. ಇದರಲ್ಲೊಂದು ಬಲೆಯಿದೆ. ಬ್ಯಾಟರಿ ಪಿಐಆರ್‌ಗಳು ಒಮ್ಮೆ ಎಚ್ಚೆತ್ತರೆ 60–90 ಸೆಕೆಂಡ್ ‘ಚಲನೆ ಇದೆ’ ಎಂದೇ ತೋರಿಸುತ್ತವೆ. ಹೊರಗೆ ಬಂದು ಬಾಗಿಲೆಳೆದುಕೊಂಡ ಮೇಲೂ ಒಂದೂವರೆ ನಿಮಿಷ ಒಳಗೆ ಯಾರೋ ಇದ್ದಂತೆಯೇ ಕಾಣುತ್ತದೆ. ಆದ್ದರಿಂದ ಮುಚ್ಚಿದ ಕ್ಷಣದ ಸ್ಥಿತಿಯನ್ನು ನಂಬದೆ, ‘ಇಲ್ಲ’ದಿಂದ ‘ಇದೆ’ಗೆ ಹೊಸದಾಗಿ ಬದಲಾದದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಬಾಗಿಲು ತೆರೆದೇ ಸ್ನಾನ ಮಾಡುವ ಅಭ್ಯಾಸವಿದ್ದರೆ (ಹಲವು ಹಿರಿಯರಿಗೆ ಇದೆ, ಅದು ಒಳ್ಳೆಯದೂ ಹೌದು) ಈ ಉಪಾಯ ನಡೆಯದು, ರೇಡಾರ್‌ಗೇ ಹೋಗಬೇಕು.

ಮುಂಬಾಗಿಲಿನ ತರ್ಕವೂ ಇದೇ. ತೆರೆದು ಮುಚ್ಚಿದ ಮೇಲೆ 10 ನಿಮಿಷ ಎಲ್ಲೂ ಹೊಸ ಚಲನೆ ಇಲ್ಲದಿದ್ದರೆ ‘ಹೊರಗೆ ಹೋಗಿದ್ದಾರೆ’. ಆದರೆ ಬಾಗಿಲು ತೆಗೆದು ಯಾರಿಗೋ ಏನೋ ಕೊಟ್ಟು, ಮುಚ್ಚಿ, ಅಲ್ಲೇ ಕುಸಿದರೂ ಲೆಕ್ಕ ಹೀಗೇ ಬರುತ್ತದೆ. ‘ಹೊರಗೆ’ ಸ್ಥಿತಿಗೂ ಒಂದು ಮಿತಿ ಇರಲಿ: 4 ಗಂಟೆ ಮೀರಿದರೆ ಅಲಾರ್ಮ್ ಬೇಡ, ಮಾತಾಡಿಸಿ ನೋಡಿ ಎಂಬ ಒಂದು ಸಂದೇಶ ಸಾಕು.

ಉತ್ತರ 2: ಇಪ್ಪತ್ನಾಲ್ಕು_ಗಿಗಾ

ರೇಡಾರ್ ಬಗ್ಗೆ. ಬಚ್ಚಲಿಗೆ ರೇಡಾರ್ ಖಂಡಿತ ಹಾಕಿ, ಆದರೆ ‘ಬಿದ್ದದ್ದನ್ನು ಪತ್ತೆ ಮಾಡುವ’ ಕೆಲಸಕ್ಕೆ ಅದನ್ನು ನಂಬಿ ಕೂರಬೇಡಿ. 60 ಗಿಗಾಹರ್ಟ್ಝ್‌ನ ಸೀಲಿಂಗ್ ಮಾದರಿಗಳು ಎತ್ತರ ಥಟ್ಟನೆ ಇಳಿದದ್ದನ್ನು ನೋಡಿ ಬಿದ್ದರು ಅನ್ನುತ್ತವೆ. ಹಿರಿಯರು ಬೀಳುವ ರೀತಿಯೇ ಬೇರೆ: ಗೋಡೆ ಹಿಡಿದು ಮೆಲ್ಲಗೆ ಜಾರುತ್ತಾರೆ, ಕಮೋಡಿನಿಂದ ಪಕ್ಕಕ್ಕೆ ವಾಲಿ ಕೂತುಬಿಡುತ್ತಾರೆ. ಥಟ್ಟನೆ ಇಳಿಯುವ ಘಟ್ಟವೇ ಇರಲ್ಲ. ‘ಒಳಗಿದ್ದಾರೆ, 40 ನಿಮಿಷ ಆಯ್ತು, ಹೊರಗೆ ಬಂದಿಲ್ಲ’ ಅನ್ನೋದನ್ನು ರೇಡಾರ್ ಚೆನ್ನಾಗಿ ಹೇಳುತ್ತೆ, ಯಾಕಂದ್ರೆ ಉಸಿರಾಟಕ್ಕೆ ಎದೆ ಏರಿಳಿಯೋದೂ ಅದಕ್ಕೆ ಸಾಕು. ಆ ಕೆಲಸ ಕೊಡಿ.

ಎಲ್‌ಡಿ2410 ರೇಡಾರ್ ಮಾಡ್ಯೂಲ್, ವೈಫೈ ಇರುವ ಇಎಸ್‌ಪಿ32 ಬೋರ್ಡ್, ಅದನ್ನು ಹೋಮ್ ಅಸಿಸ್ಟೆಂಟ್‌ಗೆ ಜೋಡಿಸುವ ಇಎಸ್‌ಪಿಹೋಮ್ ತಂತ್ರಾಂಶ, ಇಷ್ಟರಲ್ಲೇ ಆಗುತ್ತೆ. ಮಾಡ್ಯೂಲ್‌ಗೆ 5 ವೋಲ್ಟ್ ಬೇಕು, ಅದರ ಸಿಗ್ನಲ್ 3.3 ವೋಲ್ಟ್ ಆದ್ದರಿಂದ ಇಎಸ್‌ಪಿ32ಗೆ ನೇರ ಕೊಡಬಹುದು. ಸೀರಿಯಲ್ ವೇಗ ಸೆಕೆಂಡಿಗೆ 256000 ಬಿಟ್, ಹಾಗಾಗಿ ಹಾರ್ಡ್‌ವೇರ್ ಯುಎಆರ್‌ಟಿ (ಬೋರ್ಡಿನಲ್ಲೇ ಇರುವ ಸೀರಿಯಲ್ ಸರ್ಕ್ಯೂಟ್) ಪಿನ್‌ಗಳನ್ನೇ ಬಳಸಿ. ಸಾಫ್ಟ್‌ವೇರ್ ಸೀರಿಯಲ್‌ನಲ್ಲಿ ಓದೋಕೆ ಹೋದರೆ ಅರ್ಧ ರೀಡಿಂಗ್ ಕಸ ಬರುತ್ತೆ.

ಅದು ದೂರವನ್ನು 0.75 ಮೀಟರ್‌ನ ಗೇಟ್‌ಗಳಾಗಿ ಹಂಚುತ್ತೆ, ಗರಿಷ್ಠ 8ನೇ ಗೇಟ್, ಅಂದ್ರೆ 6 ಮೀಟರ್. ಬಚ್ಚಲು 2 ಮೀಟರ್ ಇದ್ದರೆ ಗರಿಷ್ಠ ಗೇಟ್ 3ಕ್ಕೆ ಇಳಿಸಿ. ಇಲ್ಲದಿದ್ದರೆ ಪ್ಲಾಸ್ಟರ್‌ಬೋರ್ಡ್, ಮರದ ಬಾಗಿಲು, ಗಾಜು ಎಲ್ಲವನ್ನೂ ದಾಟಿ ಪಕ್ಕದ ಕೋಣೆಯವರನ್ನು ಎಣಿಸುತ್ತೆ. ಈಗ ಎಲ್ಲರೂ ಎಡವುವ ಜಾಗ: ಆ್ಯಪ್‌ನಲ್ಲಿ ‘ಸೆನ್ಸಿಟಿವಿಟಿ’ ಅಂತ ಕಾಣುವ 0–100ರ ಅಂಕಿ ನಿಜಕ್ಕೂ ಹೊಸ್ತಿಲು. ವಾಪಸ್ ಬಂದ ಶಕ್ತಿ ಆ ಅಂಕಿಗಿಂತ ಹೆಚ್ಚಿದ್ದರೆ ಮಾತ್ರ ಮನುಷ್ಯ ಅಂತ ಲೆಕ್ಕ. ಅಂಕಿ ಏರಿಸಿದರೆ ಸೆನ್ಸರ್ ಕಿವುಡಾಗುತ್ತೆ.

ಟ್ಯೂನ್ ಮಾಡೋದು ಹೀಗೆ. ಎಂಜಿನಿಯರಿಂಗ್ ಮೋಡ್ ಆನ್ ಮಾಡಿ, ಪ್ರತಿ ಗೇಟ್‌ನ ಚಲನೆ ಮತ್ತು ನಿಶ್ಚಲ ಶಕ್ತಿ ಗ್ರಾಫ್‌ನಲ್ಲಿ ಬರಲಿ. ಬಚ್ಚಲು ಖಾಲಿ ಮಾಡಿ, ಎಕ್ಸಾಸ್ಟ್ ಫ್ಯಾನ್ ಹಾಕಿ, ಬಾಗಿಲು ಮುಚ್ಚಿ ಹತ್ತು ನಿಮಿಷ ಬಿಡಿ. ಪ್ರತಿ ಗೇಟ್‌ನಲ್ಲಿ ಬಂದ ಅತಿ ಹೆಚ್ಚಿನ ಅಂಕಿಗೆ 8–10 ಸೇರಿಸಿ ಹೊಸ್ತಿಲು ಇಡಿ. ಆಮೇಲೆ ಯಾರಾದರೂ ನೆಲದ ಮೇಲೆ, ಕಮೋಡಿನ ಹಿಂದಿನ ಸಂದಿಯಲ್ಲೂ, ಐದು ನಿಮಿಷ ಅಲುಗಾಡದೆ ಮಲಗಿ ನೋಡಬೇಕು. ನಿಶ್ಚಲ ಶಕ್ತಿ ಹೊಸ್ತಿಲ ಕೆಳಗೆ ಇಳಿದರೆ ಮಾಡ್ಯೂಲ್‌ನ ಜಾಗವನ್ನೇ ಬದಲಿಸಿ, ಅಂಕಿ ತಿದ್ದಿ ಸಮಾಧಾನಪಡಬೇಡಿ. ಗೋಡೆಗೆ ಒಂದು, ಒಂದೂಕಾಲು ಮೀಟರ್ ಎತ್ತರದಲ್ಲಿ ತುಸು ಕೆಳಮುಖವಾಗಿ ಹಾಕಿದರೆ ನೆಲ ಕಾಣುತ್ತೆ. ತಲೆ ಮಟ್ಟದಲ್ಲಿ ನೇರ ಇಟ್ಟರೆ ನಿಂತವರನ್ನು ಹಿಡಿದು, ಬಿದ್ದವರನ್ನು ಬಿಡುತ್ತೆ.

ಸ್ನಾನದ ಪರದೆ, ಒಣಗಲು ಹಾಕಿದ ಟವೆಲ್, ಫ್ಯಾನ್, ಹರಿಯುವ ನೀರು, ಇವೆಲ್ಲ ಅದಕ್ಕೆ ಚಲನೆಯೇ. ಹಾಗಾಗಿ ರೇಡಾರ್ ಒಂದರ ಮಾತಿಗೆ ‘ಒಳಗಿದ್ದಾರೆ’ ಶುರುವಾಗಬಾರದು. ಪಿಐಆರ್ ಶುರು ಮಾಡಲಿ, ರೇಡಾರ್ ಹಿಡಿದಿಟ್ಟುಕೊಳ್ಳಲಿ. ರೇಡಾರ್ ಒಂದು ನಿಮಿಷ ಪೂರ್ತಿ ಖಾಲಿ ಅಂದು, ಬೇರೆ ಕೋಣೆಯಲ್ಲಿ ಚಲನೆಯೂ ಕಂಡರೆ ಬಿಡಲಿ. ಎರಡರಲ್ಲಿ ಒಂದೇ ಆದರೆ ಬಿಡಬಾರದು.

ವಿದ್ಯುತ್ ಸುರಕ್ಷತೆ ಬಗ್ಗೆ ರಾಜಿ ಬೇಡ. 5 ವೋಲ್ಟ್ ಅಡಾಪ್ಟರ್ ಬಚ್ಚಲಿನ ಹೊರಗೇ ಇರಲಿ, ಒಳಗೆ ಹೋಗೋದು ಸಣ್ಣ ವೋಲ್ಟೇಜ್ ತಂತಿ ಮಾತ್ರ. ಪೆಟ್ಟಿಗೆ ನೀರು, ದೂಳು ಒಳಗೆ ಬಿಡದ ಐಪಿ65 ಪ್ಲಾಸ್ಟಿಕ್. ಲೋಹದ ಮುಚ್ಚಳ ಹಾಕಿದರೆ ರೇಡಾರ್ ಕುರುಡು.

ಉತ್ತರ 3: ಬೆಸುಗೆ

ಹಾಸಿಗೆಗೆ ಎರಡು ದಾರಿ. ಹಾಸಿಗೆಯ ಕೆಳಗಿಡುವ ಒತ್ತಡದ ಚಾಪೆ ಸುಲಭ. ಸೊಂಟದ ಮಟ್ಟಕ್ಕೆ ಬರುವಂತೆ ಇಡಿ. ದಪ್ಪ ಫೋಮ್ ಹಾಸಿಗೆಯಾದರೆ ಭಾರ ಹರಡಿ ಹೋಗಿ ತೆಳ್ಳಗಿನವರು ಗೊತ್ತೇ ಆಗುವುದಿಲ್ಲ. ಮಡಚಿದ ಜಾಗದಲ್ಲಿ ಚಾಪೆ ಬೇಗ ಹಾಳಾಗುತ್ತದೆ. ಹಾಳಾದ ಚಾಪೆ ‘ಖಾಲಿ’ ಎನ್ನಬಹುದು, ‘ಮಲಗಿದ್ದಾರೆ’ ಎಂದೇ ಅಂಟಿಕೊಂಡಿರಲೂಬಹುದು. ಎರಡನೆಯದು ಹೆಚ್ಚು ಅಪಾಯ, ಏಕೆಂದರೆ ರಾತ್ರಿ ಎದ್ದು ಬಿದ್ದರೂ ವ್ಯವಸ್ಥೆ ನೆಮ್ಮದಿಯಾಗಿರುತ್ತದೆ.

ಲೋಡ್ ಸೆಲ್ (ಮೇಲೆ ಬಿದ್ದ ಭಾರ ಅಳೆಯುವ ಸೆನ್ಸರ್) ಹೆಚ್ಚು ನಂಬಬಹುದಾದದ್ದು. ನಾಲ್ಕೂ ಕಾಲಿಗೆ ಹಾಕಬೇಕಿಲ್ಲ. ಇಲ್ಲಿ ನಿಖರ ತೂಕ ಬೇಡ, ಇದ್ದಾರೋ ಇಲ್ಲವೋ ತಿಳಿದರೆ ಸಾಕು. ತಲೆಕಡೆಯ ಎರಡು ಕಾಲುಗಳ ಕೆಳಗೆ ಹಾಕಿ, ಅವುಗಳ ಸಿಗ್ನಲ್ ಅನ್ನು ಅಂಕಿಯಾಗಿಸುವ ಎಚ್‌ಎಕ್ಸ್711 ಚಿಪ್‌ಗೆ ಜೋಡಿಸಿ. ಮಾರುಕಟ್ಟೆಯಲ್ಲಿ ಸುಲಭಕ್ಕೆ ಸಿಗುವ 50 ಕೆಜಿಯ ಚಪ್ಪಟೆ ಸೆಲ್‌ಗಳು ಅರ್ಧ ಬ್ರಿಡ್ಜ್ (ಅಳತೆಗೆ ಬೇಕಾದ ಸರ್ಕ್ಯೂಟಿನ ಅರ್ಧ ಭಾಗ), ಎರಡು ಸೇರಿದರೆ ಪೂರ್ತಿ ಬ್ರಿಡ್ಜ್. ಆದರೆ ಭಾರವಾದ ಮರದ ಮಂಚವಾದರೆ, ಅಂಚಿನಲ್ಲಿ ಇಬ್ಬರು ಕೂತಾಗ ಒಂದೇ ಕಾಲಿನ ಮೇಲೆ 50 ಕೆಜಿ ಮೀರುತ್ತದೆ, ಸೆಲ್ ಬಾಗಿ ಸೊನ್ನೆಗೆ ಮರಳುವುದೇ ಇಲ್ಲ. ಅಂಥ ಕಡೆ ತಲಾ 100 ಕೆಜಿ ಅಥವಾ ಅದಕ್ಕೂ ಹೆಚ್ಚಿನದು ಹಾಕಿ. ಎರಡು ಕಾಲಿಗೆ ಸೆಲ್ ಹಾಕಿದರೆ ಮಂಚ ಆ ಕಡೆ ಎತ್ತರವಾಗುತ್ತದೆ. ಉಳಿದೆರಡು ಕಾಲಿಗೂ ಅಷ್ಟೇ ದಪ್ಪದ ಮರದ ತುಂಡು ಕೊಡಿ, ಜಾರದಂತೆ ತಗ್ಗು ಕೊರೆದು ಕೂರಿಸಿ. ಕೂತಾಗ ಪಾದ ನೆಲಕ್ಕೆ ಪೂರ್ತಿ ತಾಗುತ್ತದೆಯೇ ಎಂದು ಮತ್ತೆ ನೋಡಿ. ಸೆನ್ಸರ್‌ಗಾಗಿ ಮಂಚ ಎತ್ತರಿಸಿ ಬೀಳುವ ಅಪಾಯ ಹೆಚ್ಚಿಸಿದರೆ ಏನು ಬಂತು?

ರಾತ್ರಿಯಿಡೀ ಭಾರ ಹೊತ್ತ ಸೆಲ್‌ನ ರೀಡಿಂಗ್ ಮೆಲ್ಲಗೆ ಸರಿಯುತ್ತದೆ, ಬಿಸಿ ಏರಿಳಿದಾಗಲೂ ಸರಿಯುತ್ತದೆ. ‘ಇಷ್ಟು ಕೆಜಿ ಮೇಲಿದ್ದರೆ ಮಲಗಿದ್ದಾರೆ’ ಎಂಬ ಸ್ಥಿರ ಅಂಕಿ ಕೆಲವೇ ವಾರಗಳಲ್ಲಿ ಸುಳ್ಳಾಗಬಹುದು. ಬದಲಾಗಿ ಜಿಗಿತವನ್ನು ನೋಡಿ: 5 ಸೆಕೆಂಡ್ ಒಳಗೆ 12–15 ಕೆಜಿ ಏರಿದರೆ ಬಂದರು, ಅಷ್ಟೇ ಇಳಿದರೆ ಎದ್ದರು. ಜೊತೆಗೆ, ಹಾಲ್ ಅಥವಾ ಅಡುಗೆಮನೆಯಲ್ಲಿ ಚಲನೆ ನಡೆಯುತ್ತಿದ್ದು ಮಂಚದ ರೀಡಿಂಗ್ ಹತ್ತು ನಿಮಿಷ ಅಲುಗದಿದ್ದರೆ ಆಗ ತಾನಾಗಿ ಸೊನ್ನೆ ಮಾಡಿಕೊಳ್ಳಲಿ. ಎಚ್‌ಎಕ್ಸ್711 ಅನ್ನು ಸೆಕೆಂಡಿಗೆ 10 ರೀಡಿಂಗ್‌ನಲ್ಲೇ ಬಿಡಿ. 80ಕ್ಕೆ ಏರಿಸಿದರೆ ಗದ್ದಲ ಹೆಚ್ಚುತ್ತದೆ, ಲಾಭವಿಲ್ಲ.

ಹಾಸಿಗೆ ಸೆನ್ಸರ್‌ನ ದೊಡ್ಡ ಉಪಯೋಗ ಅಲರ್ಟ್‌ಗಿಂತ ದೀಪ. ಎದ್ದ ಕೂಡಲೇ ಹಾಸಿಗೆಯಿಂದ ಬಚ್ಚಲಿನವರೆಗೆ ಮೊಣಕಾಲಿಗಿಂತ ಕೆಳಗೆ, ಕಣ್ಣಿಗೆ ಹೊಡೆಯದ ಹಳದಿ ಬೆಳಕು ಹೊತ್ತಿಕೊಳ್ಳಲಿ. ಬಿದ್ದ ಮೇಲೆ ತಿಳಿಸುವ ಸಲಕರಣೆ ಹತ್ತಿದ್ದರೂ, ಬೀಳದಂತೆ ನೋಡಿಕೊಳ್ಳುವ ಈ ಒಂದು ಪಟ್ಟಿ ದೀಪಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ರಾತ್ರಿ ಎದ್ದು 25 ನಿಮಿಷದಲ್ಲಿ ಮರಳದಿದ್ದರೆ, ಆಗ ವಿಚಾರಣೆ ಶುರುವಾಗಲಿ.

ಉತ್ತರ 4: ಅಳತೆಗೋಲು

ಕರೆಂಟಿನ ಪ್ರಶ್ನೆ ಉಳಿದಿದೆ, ಎಲ್ಲಕ್ಕಿಂತ ಗಂಭೀರವಾದದ್ದು ಅದೇ. ಈಗಿನ ನಿಮ್ಮ ವ್ಯವಸ್ಥೆಯಲ್ಲಿ ಸತ್ತ ಸೆನ್ಸರ್ ಮತ್ತು ಸುಮ್ಮನೆ ಕೂತ ಮನುಷ್ಯ ಒಂದೇ ಥರ ಕಾಣುತ್ತಾರೆ. ‘ಚಲನೆ ಇಲ್ಲ’ ಮತ್ತು ‘ಮಾಹಿತಿ ಇಲ್ಲ’ ಎರಡೂ ಬೇರೆ ಬೇರೆ ಅಲರ್ಟ್ ಆಗಲೇಬೇಕು.

ಜಿಗ್‌ಬೀ ಸೆನ್ಸರ್‌ಗಳನ್ನು ಹೋಮ್ ಅಸಿಸ್ಟೆಂಟ್‌ಗೆ ಜೋಡಿಸಲು ಜಿಗ್‌ಬೀ2ಎಂಕ್ಯೂಟಿಟಿ ತಂತ್ರಾಂಶ ಬಳಸುತ್ತಿದ್ದರೆ ಗಮನಿಸಿ: ಬ್ಯಾಟರಿ ಸಾಧನ ಆಫ್‌ಲೈನ್ ಎಂದು ಘೋಷಿಸಲು ಅದರ ಮೂಲ ಮಿತಿ 1500 ನಿಮಿಷ, ಒಂದು ದಿನಕ್ಕೂ ಹೆಚ್ಚು. ಅದನ್ನು ಕಾಯುವಂತಿಲ್ಲ. ಹೆಚ್ಚಿನ ಸೆನ್ಸರ್‌ಗಳು ಚಲನೆ ಇಲ್ಲದಿದ್ದರೂ ಗಂಟೆಗೊಮ್ಮೆಯ ಆಸುಪಾಸಿನಲ್ಲಿ ಬ್ಯಾಟರಿ ಅಥವಾ ಉಷ್ಣಾಂಶ ಕಳಿಸುತ್ತವೆ. ನಿಮ್ಮವು ಎಷ್ಟಕ್ಕೊಮ್ಮೆ ಕಳಿಸುತ್ತವೆ ಎಂದು ಲಾಗ್‌ನಲ್ಲಿ ನೋಡಿ, ಅದರ ಮೂರು ಪಟ್ಟು ಹೊತ್ತು ಏನೂ ಬರದಿದ್ದರೆ ‘ಮಾಹಿತಿ ಇಲ್ಲ’ ಎನ್ನಿ. ಬ್ಯಾಟರಿ ಶೇಕಡಾವಾರು ನಂಬಬೇಡಿ. ಲಿಥಿಯಂ ಬಟನ್ ಸೆಲ್‌ನ ವೋಲ್ಟೇಜ್ ಕೊನೆಯವರೆಗೂ 3ರ ಹತ್ತಿರ ಸಮತಟ್ಟಾಗಿದ್ದು, ಆಮೇಲೆ ಒಮ್ಮೆಗೇ ಕುಸಿಯುತ್ತದೆ. ವರ್ಷಕ್ಕೊಮ್ಮೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ.

ಹಬ್ ತಾನೇ ಸತ್ತರೆ ತಾನು ಸತ್ತೆ ಎಂದು ಹೇಳಲಾರದು. ಹಾಗಾಗಿ ಅದು 5 ನಿಮಿಷಕ್ಕೊಮ್ಮೆ ಮನೆಯ ಹೊರಗಿನ ಒಂದು ಸರ್ವರ್‌ಗೆ ಸುಮ್ಮನೆ ‘ಬದುಕಿದ್ದೇನೆ’ ಎಂಬ ಪಿಂಗ್ ಕಳಿಸುತ್ತಿರಲಿ. 20 ನಿಮಿಷ ಪಿಂಗ್ ಬರದಿದ್ದರೆ ಆ ಸರ್ವರ್ ನಿಮಗೆ ತಿಳಿಸಲಿ. ಯುಪಿಎಸ್‌ಗೆ ಹಬ್ ಮತ್ತು ವೈಫೈ ರೌಟರ್ ಹಾಕುತ್ತಾರೆ, ಫೈಬರ್ ತಂತಿ ಬಂದು ಸೇರುವ ಒಎನ್‌ಟಿ ಪೆಟ್ಟಿಗೆಯನ್ನು ಮರೆಯುತ್ತಾರೆ. ಅದಿಲ್ಲದೆ ಉಳಿದೆರಡು ಉರಿದು ಪ್ರಯೋಜನವಿಲ್ಲ.

ಇನ್ನೊಂದು ಸೂಕ್ಷ್ಮ. ಸ್ಮಾರ್ಟ್ ಪ್ಲಗ್‌ಗಳು ಜಿಗ್‌ಬೀ ಜಾಲದಲ್ಲಿ ರೌಟರ್ ಕೆಲಸವನ್ನೂ (ಬೇರೆ ಸೆನ್ಸರ್‌ಗಳ ಸಂದೇಶ ಹಬ್‌ಗೆ ದಾಟಿಸುವುದು) ಮಾಡುತ್ತವೆ. ಬಚ್ಚಲಿನ ಸೆನ್ಸರ್ ಯಾವುದೋ ಪ್ಲಗ್ ಮೂಲಕ ಮಾತಾಡುತ್ತಿದ್ದರೆ, ಕರೆಂಟ್ ಹೋದಾಗ ಪ್ಲಗ್ ಸತ್ತು ಆ ಸೆನ್ಸರ್ ದಾರಿ ತಪ್ಪುತ್ತದೆ. ಕೆಲವು ಸೆನ್ಸರ್‌ಗಳು ಬೇರೆ ದಾರಿ ಹುಡುಕದೆ ಹಾಗೇ ಉಳಿದುಬಿಡುತ್ತವೆ. ಯುಪಿಎಸ್‌ನಿಂದಲೇ ಓಡುವ ಒಂದು ಜಿಗ್‌ಬೀ ರೌಟರ್ ಸಾಧನ ಮನೆಯ ಮಧ್ಯೆ ಇಟ್ಟು, ಮುಖ್ಯ ಸೆನ್ಸರ್‌ಗಳನ್ನು ಅದರ ಮೂಲಕವೇ ಜೋಡಿಸಿ. ಜಿಗ್‌ಬೀ ಡಾಂಗಲ್ (ಹಬ್‌ಗೆ ಚುಚ್ಚುವ ಪುಟ್ಟ ರೇಡಿಯೋ) ಯುಎಸ್‌ಬಿ 3 ಪೋರ್ಟಿಗೆ ನೇರ ಚುಚ್ಚಿದ್ದರೆ ತೆಗೆದು, ಯುಎಸ್‌ಬಿ 2 ಪೋರ್ಟಿನಿಂದ ಒಂದೆರಡು ಮೀಟರ್ ಎಕ್ಸ್‌ಟೆನ್ಷನ್ ಕೊಡಿ. ಯುಎಸ್‌ಬಿ 3ರ ಗದ್ದಲ ಜಿಗ್‌ಬೀ ಬಳಸುವ 2.4 ಗಿಗಾಹರ್ಟ್ಝ್ ಮೇಲೆಯೇ ಬೀಳುತ್ತದೆ. ವೈಫೈ 1, 6, 11ರಲ್ಲಿದ್ದರೆ ಜಿಗ್‌ಬೀಗೆ 15, 20, 25 ಚಾನಲ್‌ಗಳು ಸಂದಿಯಲ್ಲಿ ಸಿಗುತ್ತವೆ.

ಅಲರ್ಟ್‌ನ ಕ್ರಮವೂ ಮುಖ್ಯ. ಮೊದಲು ಮನೆಯೊಳಗೇ ಗಂಟೆ ಬಾರಿಸಲಿ. ಹಿರಿಯರು ದೊಡ್ಡ ಬಟನ್ ಒತ್ತಿದರೆ ಅಥವಾ ಬಚ್ಚಲು ಬಿಟ್ಟು ಬೇರೆಲ್ಲಾದರೂ ಚಲನೆ ಕಂಡರೆ ಅಲ್ಲಿಗೇ ಮುಗಿಯಿತು. 5 ನಿಮಿಷ ಉತ್ತರವಿಲ್ಲದಿದ್ದರೆ ಮಕ್ಕಳಿಗೆ ಕರೆ, ಮತ್ತೆ 10 ನಿಮಿಷಕ್ಕೆ ಬೀಗದ ಕೈ ಇರುವ ನೆರೆಯವರಿಗೆ. ಒಳಗಿನಿಂದ ಚಿಲಕ ಹಾಕಿಕೊಳ್ಳುವ ಬಾಗಿಲಾದರೆ ಹೊರಗಿನಿಂದ ತೆಗೆಯಲು ಬರುವ ಬೀಗಕ್ಕೆ ಬದಲಿಸಿ. ಸುಳ್ಳು ಅಲರ್ಟ್‌ಗಳಲ್ಲಿ ಬಹುಪಾಲು ಆ ಮೊದಲ ಐದು ನಿಮಿಷದಲ್ಲೇ ಕರಗಿ ಹೋಗುತ್ತವೆ.

ಮತ್ತೆ ಪ್ರಶ್ನೆ: ಮನೆಯೊಳಗೆ

ಬಹಳ ಉಪಕಾರವಾಯಿತು. ಇನ್ನೊಂದು ವಿಷಯ. ಇಷ್ಟೆಲ್ಲ ದಾಖಲಾಗುತ್ತಿದ್ದರೆ ಅದರಿಂದ ಆರೋಗ್ಯದ ಬಗ್ಗೆಯೂ ಏನಾದರೂ ತಿಳಿಯಬಹುದೇ? ಯಾವ ಬದಲಾವಣೆಗೆ ವೈದ್ಯರ ಹತ್ತಿರ ಹೋಗಬೇಕು?

ಉತ್ತರ 5: ಶುಶ್ರೂಷೆ

ತಿಳಿಯಬಹುದು, ಆದರೆ ಒಂದು ದಿನದ ಅಂಕಿಗೆ ಅರ್ಥವಿಲ್ಲ. ಅವರ ಇಂದಿನ ದಿನವನ್ನು ಅವರದೇ ಹಿಂದಿನ ತಿಂಗಳ ಜೊತೆ ಹೋಲಿಸಬೇಕು.

ಹೆಚ್ಚು ಉಪಯೋಗಕ್ಕೆ ಬರುವುದು ರಾತ್ರಿಯ ಬಚ್ಚಲ ಓಡಾಟ. ಸಾಮಾನ್ಯವಾಗಿ ಒಂದೆರಡು ಬಾರಿ ಏಳುವವರು ಸತತ ಎರಡು ಮೂರು ರಾತ್ರಿ ನಾಲ್ಕೈದು ಬಾರಿ ಎದ್ದರೆ ಮೂತ್ರದ ಸೋಂಕು, ಏರಿದ ಸಕ್ಕರೆ, ಕಾಲಿನ ಊತ, ಅಥವಾ ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಂಜೆ ತಡವಾಗಿ ನುಂಗಿದ್ದು, ಇವುಗಳಲ್ಲಿ ಯಾವುದಾದರೂ ಇರಬಹುದು. ಹಿರಿಯರಲ್ಲಿ ಸೋಂಕಿಗೆ ಜ್ವರ ಬರದೆಯೂ ಇರಬಹುದು, ಗೊಂದಲ ಮತ್ತು ನಡಿಗೆಯ ತಡವರಿಕೆಯೇ ಮೊದಲು ಕಾಣಬಹುದು. ಸೆನ್ಸರ್ ರೋಗ ಹೇಳುವುದಿಲ್ಲ, ಮೂತ್ರ ಪರೀಕ್ಷೆ ಮಾಡಿಸುವ ದಿನವನ್ನು ಹತ್ತಿರಕ್ಕೆ ತರುತ್ತದೆ.

ನಡಿಗೆಯ ವೇಗ ಇನ್ನೊಂದು. ಓಣಿಯಂಥ ಜಾಗದಲ್ಲಿ 3 ಮೀಟರ್ ಅಂತರಕ್ಕೆ ಎರಡು ಸೆನ್ಸರ್ ಇಟ್ಟು ನಡುವಿನ ಸಮಯ ಅಳೆಯಬಹುದು. ಇದಕ್ಕೆ ಬ್ಯಾಟರಿ ಪಿಐಆರ್ ಆಗದು, ಮೇಲೆ ಹೇಳಿದ ಒಂದೂವರೆ ನಿಮಿಷದ ಹಿಡಿತ ಲೆಕ್ಕವನ್ನೇ ಕೆಡಿಸುತ್ತದೆ. ತಂತಿಯ ಸೆನ್ಸರ್ ಬೇಕು, ಲೆನ್ಸ್ ಮೇಲೆ ಟೇಪ್ ಅಂಟಿಸಿ ನೋಟವನ್ನು ಕಿರಿದು ಮಾಡಬೇಕು. ವಾರದ ಮಧ್ಯಾಂಕ (ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಅಂಕಿ) ಸೆಕೆಂಡಿಗೆ 0.1 ಮೀಟರ್ ಇಳಿದು ಹಾಗೇ ಉಳಿದರೆ ಅದು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಇಳಿಕೆ. ಸೆಕೆಂಡಿಗೆ 0.8 ಮೀಟರ್‌ಗಿಂತ ಕಡಿಮೆ ಇದ್ದರೆ ಸ್ನಾಯು ಶಕ್ತಿ, ಸಮತೋಲನದ ಪರೀಕ್ಷೆ ಮಾಡಿಸಿ.

ಹೃದಯ ವೈಫಲ್ಯ ಇರುವವರಿಗೆ ವೈಫೈ ತೂಕದ ಯಂತ್ರ ಬಹಳ ಸಹಾಯ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿನ್ನುವ ಮೊದಲು, ಗಟ್ಟಿ ನೆಲದ ಮೇಲೆ ಯಂತ್ರ ಇಟ್ಟು ನೋಡಬೇಕು. ಎರಡು ಮೂರು ದಿನದಲ್ಲಿ 2 ಕೆಜಿಯಷ್ಟು ಏರಿದರೆ ಅದು ಕೊಬ್ಬಲ್ಲ, ನೀರು. ಅಂದೇ ವೈದ್ಯರಿಗೆ ತಿಳಿಸಿ. ಬೆರಳಿಗೆ ಹಾಕುವ ಆಮ್ಲಜನಕ ಮಾಪಕದ ಅಂಕಿ ತಣ್ಣಗಿನ ಬೆರಳು, ಉಗುರು ಬಣ್ಣದಿಂದ ತಪ್ಪುತ್ತದೆ. ಗಾಢ ಚರ್ಮದವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುವುದೂ ಉಂಟು.

ಉಷ್ಣಾಂಶ ಮರೆಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ ಎನ್ನುತ್ತದೆ. ಸೆಕೆಯಲ್ಲಿ ಹಿರಿಯರಿಗೆ ಬೆವರೂ ಕಡಿಮೆ, ಬಾಯಾರಿಕೆಯೂ ಕಡಿಮೆ, ಹಾಗಾಗಿ ಅವರಿಗೆ ‘ಸೆಕೆಯಾಗುತ್ತಿದೆ’ ಎನ್ನಿಸುವವರೆಗೆ ಕಾಯಬಾರದು. ಅಡುಗೆ ಅನಿಲಕ್ಕೆ ಮನೆಯಲ್ಲೇ ಜೋಡಿಸಿಕೊಂಡ ಎಂಕ್ಯೂ ಗ್ಯಾಸ್ ಸೆನ್ಸರ್ ನಂಬಬೇಡಿ, ಪ್ರಮಾಣೀಕೃತ ಅಲಾರ್ಮ್ ತನ್ನಿ. ಎಲ್‌ಪಿಜಿ ಗಾಳಿಗಿಂತ ಭಾರ, ಅಲಾರ್ಮ್ ನೆಲದ ಹತ್ತಿರ. ಕೊಳವೆಯಲ್ಲಿ ಬರುವ ಮೀಥೇನ್ ಹಗುರ, ಸೀಲಿಂಗ್ ಹತ್ತಿರ.

40 ನಿಮಿಷದ ಮಿತಿ ಏಕೆ ಮುಖ್ಯ ಎಂದರೆ, ಬಿದ್ದವರು ನೆಲದ ಮೇಲೆ ಒಂದು ಗಂಟೆ ಮೀರಿ ಉಳಿದರೆ ಮೂಳೆ ಮುರಿಯದಿದ್ದರೂ ಒತ್ತಡದ ಹುಣ್ಣು, ನಿರ್ಜಲೀಕರಣ, ಸ್ನಾಯು ಕರಗಿ ಮೂತ್ರಪಿಂಡಕ್ಕೆ ಪೆಟ್ಟು, ಇವೆಲ್ಲ ಶುರುವಾಗುತ್ತವೆ. ಗಂಟೆಯ ಒಳಗೆ ಯಾರಾದರೂ ಬಾಗಿಲು ತೆರೆದಿರಬೇಕು. ಅಲರ್ಟ್‌ನ ಸಮಯ, ಕರೆಯ ಸಮಯ, ನೆರೆಯವರು ನಡೆದು ಬರುವ ಸಮಯ ಎಲ್ಲ ಕೂಡಿಸಿ ನೋಡಿ, 60 ಮೀರಿದರೆ ಬಚ್ಚಲಿನ ಮಿತಿಯನ್ನು 30ಕ್ಕೆ ಇಳಿಸಿ.

ಈ ಗ್ರಾಫ್‌ಗಳನ್ನು ಮೊದಲು ನೋಡಬೇಕಾದವರು ಆ ಹಿರಿಯರೇ. ಯಾವ ಸೆನ್ಸರ್ ಏನು ಬರೆದುಕೊಳ್ಳುತ್ತದೆ, ಯಾರ ಫೋನಿಗೆ ಹೋಗುತ್ತದೆ ಎಂದು ಕೂತು ತೋರಿಸಿ. ಮಕ್ಕಳ ಫೋನಿಗೆ ದಿನದ ಕೊನೆಗೆ ‘ಎಂದಿನಂತೆ’ ಅಥವಾ ‘ಬದಲಾವಣೆ ಇದೆ’ ಎಂಬ ಒಂದು ಸಾಲು ಹೋದರೆ ಸಾಕು, ಎಷ್ಟು ಹೊತ್ತಿಗೆ ಯಾವ ಕೋಣೆ ಎಂಬ ಪಟ್ಟಿ ಬೇಡ. ಅವರ ಕೈಗೇ ಒಂದು ವಿರಾಮದ ಬಟನ್ ಕೊಡಿ. ಒತ್ತಿದರೆ ಮೂರು ಗಂಟೆ ದಾಖಲೆ ನಿಂತು, ಆಮೇಲೆ ತಾನಾಗಿ ಮತ್ತೆ ಶುರುವಾಗಲಿ.

ಉತ್ತರ 6: ಇಪ್ಪತ್ನಾಲ್ಕು_ಗಿಗಾ

ಪರೀಕ್ಷೆ ಬಗ್ಗೆ ಯಾರೂ ಬರೆದಿಲ್ಲ, ಅದನ್ನು ಸೇರಿಸ್ತೀನಿ. ತಿಂಗಳಿಗೊಮ್ಮೆ, ಹಿರಿಯರಿಗೆ ಹೇಳಿಯೇ, ಬಚ್ಚಲ ನೆಲದ ಮೇಲೆ ಯಾರಾದರೂ ಕೂತು ಮಿತಿ ಮುಗಿಯುವವರೆಗೆ ಕಾದು ಮನೆಯ ಗಂಟೆಯಿಂದ ನೆರೆಯವರ ಫೋನಿನವರೆಗೆ ಎಲ್ಲ ಬಂತಾ ನೋಡಿ. ಒಂದು ಸೆನ್ಸರ್‌ನ ಬ್ಯಾಟರಿ ತೆಗೆದು ‘ಮಾಹಿತಿ ಇಲ್ಲ’ ಬರೋದನ್ನು ಕಾಯಿರಿ. ಮೇನ್ ಸ್ವಿಚ್ ಆಫ್ ಮಾಡಿ ಅರ್ಧ ಗಂಟೆ ಬಿಡಿ, ಆಗ ಹೊರಗಿನ ಸರ್ವರ್ ಸುಮ್ಮನಿರಬೇಕು, ಪಿಂಗ್ ನಿಲ್ಲಬಾರದು. ಆಮೇಲೆ ಒಎನ್‌ಟಿ ತಂತಿ ಕೀಳಿ, ಈಗ 20 ನಿಮಿಷಕ್ಕೆ ಅದು ಕೂಗಲೇಬೇಕು. ಫೋನ್‌ನಲ್ಲಿ ರಾತ್ರಿಯ ‘ಸೈಲೆಂಟ್’ ಮೋಡ್ ಹಾಕಿಟ್ಟು ಕೂಡ ಒಮ್ಮೆ ಪರೀಕ್ಷಿಸಿ. ಅಲರ್ಟ್ ಅನ್ನು ಸಾಮಾನ್ಯ ನೋಟಿಫಿಕೇಶನ್ ಆಗಿ ಬಿಟ್ಟಿದ್ದರೆ ರಾತ್ರಿ ಎರಡಕ್ಕೆ ಅದು ಶಬ್ದವೇ ಮಾಡಲ್ಲ, ಆ್ಯಪ್‌ನಲ್ಲಿ ‘ಕ್ರಿಟಿಕಲ್’ ಆಗಿ ಬದಲಿಸಬೇಕು. ಫೋನ್ ಹೊಸದು ಕೊಂಡ ದಿನ ಈ ಸೆಟ್ಟಿಂಗ್ ಹಳೇ ಫೋನಿನಿಂದ ಬಂದಿರಲ್ಲ, ಮತ್ತೆ ಹಾಕಿ.